ಗೀರು ಬಿದ್ದರೆ ಮಣ್ಣು ಮುಚ್ಚಬೇಡಿ

ಮಳೆ ಬಿಟ್ಟಿತೆಂದರೆ ನಮ್ಮ ಕಡೆ ಜೆಸಿಬಿಗೆ ಬಿಡುವಿಲ್ಲ. ತೋಟದ ಅಗಳು, ಮನೆಯ ಅಡಿಪಾಯ, ಪಂಚಾಯತ್ ಚರಂಡಿ ಎಲ್ಲ ಒಟ್ಟಿಗೇ ಶುರು. ಜೆಸಿಬಿ ಓಡಿಸುವವರಿಗೂ ಅವರನ್ನು ಕರೆಸುವ ಜಾಗದವರಿಗೂ ಒಂದು ವಿನಂತಿ: ಗ್ಯಾಸ್ ಪೈಪಿಗೆ ಬಕೆಟ್ ತಾಗಿದರೆ, ಏನೂ ಆಗಿಲ್ಲ ಅಂತ ಕಂಡರೂ, ಮಣ್ಣು ಎಳೆದು ಮುಚ್ಚಬೇಡಿ.

ಕೊಚ್ಚಿಯ ಪುದುವೈಪಿನಲ್ಲಿ ಹಡಗಿನಿಂದ ಇಳಿಯುವ ಎಲ್‌ಎನ್‌ಜಿ (ದ್ರವವಾಗಿಸಿದ ನೈಸರ್ಗಿಕ ಅನಿಲ) ಸುಮಾರು ಮೈನಸ್ 162 ಡಿಗ್ರಿಯ ದ್ರವ. ಅದನ್ನು ಮತ್ತೆ ಅನಿಲವಾಗಿಸಿ ಸುಮಾರು 450 ಕಿ.ಮೀ. ದೂರದ ಮಂಗಳೂರಿಗೆ ತರುವ ಪೈಪ್‌ಲೈನ್ ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ಪಣಂಬೂರಿನ ಗೊಬ್ಬರ ಕಾರ್ಖಾನೆ ನಾಫ್ತಾ ಎಂಬ ಪೆಟ್ರೋಲಿಯಂ ಎಣ್ಣೆ ಬಿಟ್ಟು ಇದೇ ಅನಿಲಕ್ಕೆ ಬಂದಿದೆ.

ಪೈಪು ಉಕ್ಕಿನದು. ಮೈಮೇಲೆ ಪಾಲಿಥೀನಿನ ದಪ್ಪ ಹೊದಿಕೆ. ಹೂಳುವ ಮೊದಲು ಅದರ ಮೇಲೆ ಹೈ ವೋಲ್ಟೇಜಿನ ಸುರುಳಿ ತಂತಿ ಉರುಳಿಸುತ್ತಾರೆ. ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿ ಕಿಡಿ ಹಾರುತ್ತದೆ. ಅಷ್ಟು ಜೋಪಾನ ಮಾಡಿದ ಹೊದಿಕೆಯನ್ನು ಬಕೆಟಿನ ಒಂದು ಹಲ್ಲು ಗೇಣುದ್ದ ಸುಲಿದು ಹಾಕಬಲ್ಲದು. ಆಮೇಲೆ ನಮ್ಮ ಮಳೆ, ನಮ್ಮ ಹುಳಿ ಮಣ್ಣು. ತುಕ್ಕು ತಡೆಯಲು ಪೈಪಿಗೆ ಸಣ್ಣ ವಿದ್ಯುತ್ ಹರಿಸಿರುತ್ತಾರೆ ನಿಜ, ಆದರೆ ಹೊದಿಕೆ ಹರಿದಷ್ಟೂ ಅದರ ಕೆಲಸ ಕಷ್ಟ. (ಆ ವಿದ್ಯುತ್ ಅಳೆಯಲೆಂದೇ ದಾರಿಯುದ್ದಕ್ಕೂ ಕಂಬ ನೆಟ್ಟಿದ್ದಾರೆ. ದಯವಿಟ್ಟು ಅದಕ್ಕೆ ದನ ಕಟ್ಟಬೇಡಿ, ಬೇಲಿಗೆಂದು ಕೀಳಬೇಡಿ.)

ಗೀರು ಉಕ್ಕಿಗೇ ಇಳಿದಿದ್ದರೆ ಇನ್ನೂ ಕೆಟ್ಟದ್ದು. ಹಲ್ಲು ಉಜ್ಜಿದ ಜಾಗದಲ್ಲಿ ಲೋಹ ಗಡುಸಾಗಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಒಳಗಿನ ಒತ್ತಡ ಏರಿಳಿದ ಹಾಗೆಲ್ಲ ಅದು ಬೆಳೆಯುತ್ತದೆ. ಇವತ್ತು ತಡೆದುಕೊಂಡ ಪೈಪು ವರ್ಷಗಳ ನಂತರ ಒಡೆಯಬಹುದು, ಆಗ ಅಲ್ಲಿ ಇರುವವರು ಯಾರೋ! ಅದೇ ದಿನ ಪೈಪ್‌ಲೈನ್ ಕಂಪನಿಗೆ ತಿಳಿಸಿದರೆ ಅವರು ಕೈಯಲ್ಲೇ ಅಗೆದು, ಉಳಿದ ದಪ್ಪ ಅಳೆದು, ಗೀರನ್ನು ಉಜ್ಜಿ ನುಣುಪು ಮಾಡಿ, ಬೇಕಾದರೆ ಸುತ್ತಲೂ ಉಕ್ಕಿನ ಕವಚ ತೊಡಿಸಿ, ಹೊದಿಕೆ ಸುತ್ತುತ್ತಾರೆ. ಮುಗಿಯಿತು.

ಡ್ರೈವರುಗಳು ಮುಚ್ಚಿಡುವುದು ಕೇಸಿನ ಹೆದರಿಕೆಗೆ. ತಾನಾಗಿಯೇ ಬಂದು ಹೇಳಿದವನನ್ನು ಕಳ್ಳನ ಹಾಗೆ ನೋಡಬಾರದು. ಇದನ್ನು ಕಂಪನಿಗಳು ಬಾಯಿಬಿಟ್ಟು ಹೇಳಬೇಕು. ಪೈಪಿನ ದಾರಿಯ ಎಚ್ಚರಿಕೆ ಬೋರ್ಡಿನ ಮೇಲೆ ಬಳ್ಳಿ ಹಬ್ಬಿ ಫೋನ್ ನಂಬರ್ ಮಾಸಿದ್ದರೆ ಅವನಾದರೂ ಯಾರಿಗೆ ಹೇಳಬೇಕು? ಮಳೆ ಮುಗಿದ ಕೂಡಲೇ ಬಳ್ಳಿ ಸವರಿ ಹೊಸ ಬಣ್ಣ ಬಳಿಯಲಿ.

ಜಾಗದವರಿಗೂ ಒಂದು ಮಾತು. ಪೈಪ್‌ಲೈನಿಗೆ ಜಾಗ ಬಳಸುವ 1962ರ ಕಾಯ್ದೆಯಲ್ಲಿ ಹೋದದ್ದು ಬಳಕೆಯ ಹಕ್ಕು ಮಾತ್ರ, ಜಾಗ ನಿಮ್ಮದೇ. ಭತ್ತ, ತರಕಾರಿ ಬೆಳೆಯಬಹುದು. ಆದರೆ ಪೈಪು ಹೋದ ಆ ಉದ್ದ ಜಾಗದಲ್ಲಿ ಮನೆ, ಬಾವಿ, ಕೆರೆ ಕೂಡದು. ಮರ ನೆಡುವಂತಿಲ್ಲ, ಹಾಗಾಗಿ ಅಡಿಕೆ, ತೆಂಗು ಬೇಡ. ಗುಡ್ಡೆಯ ಇಳಿಜಾರಿನಲ್ಲಿ ಮಳೆಗೆ ಮಣ್ಣು ಕೊಚ್ಚಿ ಹೋಗಿದ್ದರೆ ಹಾಕಿದ ದಿನದ ಆಳ ಈಗ ಇರುವುದಿಲ್ಲ, ಅದನ್ನೂ ತಿಳಿಸಿ.

ದೊಡ್ಡ ಲೈನಿನ ಅನಿಲಕ್ಕೆ ಸಾಮಾನ್ಯವಾಗಿ ವಾಸನೆ ಇರುವುದಿಲ್ಲ. ವಾಸನೆ ಬೆರೆಸುವುದು ಊರಿನ ಮನೆಗಳಿಗೆ ಕೊಡುವ ಮೊದಲು. ಹಾಗಾಗಿ ಮೂಗನ್ನು ನಂಬಬೇಡಿ. ಬುಸ್ಸೆಂಬ ಸದ್ದು, ಮೇಲೇಳುವ ಧೂಳು, ಗದ್ದೆ ನೀರಿನಲ್ಲಿ ಗುಳ್ಳೆ, ಹಸಿರಿನ ನಡುವೆ ಒಂದೇ ಕಡೆ ಒಣಗಿದ ಹುಲ್ಲು ಕಂಡರೆ ಎಂಜಿನ್ ಬಂದ್ ಮಾಡಿ, ಬೀಡಿ ಹಚ್ಚದೆ, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ದೂರ ನಡೆಯಿರಿ. ಫೋನ್ ಮಾಡುವುದು ಅಲ್ಲಿಗೆ ತಲುಪಿದ ಮೇಲೆ.