ಗಾಜಿಗೆ ಮಾತ್ರ ಮುಪ್ಪಿಲ್ಲ

2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಆರೋಗ್ಯ ವಿಮೆಗೂ ಜೀವ ವಿಮೆಗೂ ಜಿಎಸ್‌ಟಿ ಸೊನ್ನೆ ಆಯಿತಲ್ಲ, ಆವತ್ತು ನಮ್ಮ ಪಾರ್ಕಿನ ಬೆಂಚಿನಲ್ಲಿ ಮೈಸೂರು ಪಾಕ್ ಹಂಚಿದ್ದೇ ಹಂಚಿದ್ದು. ಶುಗರ್ ಇದ್ದವರೂ ಎರಡೆರಡು ತಿಂದರು. ಹೇಗೂ ವಿಮೆ ಇದೆಯಲ್ಲ! ಆಮೇಲೆ ನನ್ನ ಕಾರಿನ ಇನ್ಶೂರೆನ್ಸ್ ಮೆಸೇಜು ಬಂತು. ಶೇ 18 ಕಾಲ ಮೇಲೆ ಕಾಲು ಹಾಕಿಕೊಂಡು ಅಲ್ಲೇ ಕೂತಿತ್ತು. ಮೈಸೂರು ಪಾಕು ಕಾರಿಗಲ್ಲವಂತೆ.

ನನಗೀಗ 69. ಕಾರಿಗೆ 13. ಇಬ್ಬರೂ ವರ್ಷಕ್ಕೆ ಹೆಚ್ಚೆಂದರೆ 2,000 ಕಿಲೋಮೀಟರ್ ಓಡುತ್ತೇವೆ. ಬ್ಯಾಂಕು, ದೇವಸ್ಥಾನ, ಕಣ್ಣಿನ ಡಾಕ್ಟರು, ಅಷ್ಟೇ. ರಾತ್ರಿ ಹನ್ನೊಂದಕ್ಕೆ ಎದ್ದು ಮೈಸೂರಿಗೆ ಕಾಫಿ ಕುಡಿಯಲು ಹೋಗುವ ಪಕ್ಕದ ಮನೆ ಹುಡುಗನಿಗೂ ನನಗೂ ಥರ್ಡ್ ಪಾರ್ಟಿ ದರ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ ಕಟ್ಟುವ ವಿಮೆ, ಒಂದೇ. ಎಂಜಿನ್ 1,000 ಸಿಸಿ ದಾಟಿ 1,500ರ ಒಳಗಿದ್ದರೆ ಸಾಕು, 2022ರಲ್ಲಿ ಸರ್ಕಾರ ಗೊತ್ತು ಮಾಡಿದ್ದು 3,416 ರೂಪಾಯಿ. ಓಡಿಸುವವನು ಮುದುಕನೋ ಪುಂಡನೋ ಯಾರೂ ಕೇಳುವುದಿಲ್ಲ. ಸಮಾನತೆ ಅಂದರೆ ಇದು, ಒಪ್ಪಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ 55 ದಾಟಿದವರು ಒಂದು ಡ್ರೈವಿಂಗ್ ಕೋರ್ಸ್ ಮುಗಿಸಿದರೆ ಪ್ರೀಮಿಯಂನಲ್ಲಿ ಸ್ವಲ್ಪ ಬಿಡುತ್ತಾರೆ. ಇಲ್ಲಿ ನಮ್ಮನ್ನು ಆ ವಯಸ್ಸಲ್ಲಿ ಕ್ಲಾಸಿಗೆ ಕೂರಿಸುವುದಿಲ್ಲ. ಅದೂ ಒಂದು ಗೌರವವೇ.

ವಯಸ್ಸು ಕೇಳುವುದು ಕಾರಿಗೆ. ಐದು ವರ್ಷದವರೆಗೆ ವಿಮೆಯ ಲೆಕ್ಕಕ್ಕೆ ಅದರ ಬೆಲೆ ಇಳಿಸಲು ಒಂದು ಪಟ್ಟಿ ಇದೆ. ಅದಾದ ಮೇಲೆ ಕಂಪನಿಯೂ ನಾನೂ ಕೂತು ಒಮ್ಮತದಿಂದ ಬೆಲೆ ಕಟ್ಟಬೇಕು ಅನ್ನುತ್ತದೆ ನಿಯಮ. ನಮ್ಮ ಒಮ್ಮತ ಹೀಗೆ ನಡೆಯಿತು: ಅವರು 1,38,000 ಅಂತ ಬರೆದು ಕಳಿಸಿದರು, ನಾನು ಹೂಂ ಅಂದೆ.

'ಬಂಪರ್ ಟು ಬಂಪರ್ ಇದೆಯೇನಪ್ಪಾ?' ಅಂತ ವಿಮೆ ಕಂಪನಿಯ ಫೋನಿನ ಹುಡುಗನನ್ನು ಕೇಳಿದೆ. ರಿಪೇರಿಗೆ ಹಾಕುವ ಭಾಗಗಳಿಗೆ ಹಳೇದು ಅಂತ ಕಡಿತ ಮಾಡದೆ ದುಡ್ಡು ಕೊಡುವ ಪಾಲಿಸಿ ಅದು. 'ಇಲ್ಲ ಅಂಕಲ್, ಗಾಡಿ ತುಂಬಾ ಹಳೇದಾಯ್ತು' ಅಂದ. ಬೆಂಗಳೂರಿನಲ್ಲಿದ್ದುಕೊಂಡು ಇದನ್ನು ಕೇಳಬೇಕಾಯಿತು ನೋಡಿ. ಸಿಲ್ಕ್ ಬೋರ್ಡಿನಲ್ಲಿ ದಿನಾ ಬಂಪರ್ ಟು ಬಂಪರೇ ನಿಂತಿರುತ್ತೇವೆ. ಅದಕ್ಕೆ ಪಾಲಿಸಿ ಸಿಗಬೇಕಾದರೆ ಮಾತ್ರ ಕಾರು ಶೋರೂಮಿನ ಹೂವಿನ ಹಾರ ಬಾಡುವ ಮೊದಲೇ ಗುದ್ದಿಸಿಕೊಳ್ಳಬೇಕು.

ಅದಿಲ್ಲದವರಿಗೆ ಇನ್ನೊಂದು ಪಟ್ಟಿ. ಪ್ಲಾಸ್ಟಿಕ್ಕು, ರಬ್ಬರು, ಬ್ಯಾಟರಿ ಬದಲಾಯಿಸಿದರೆ ಅರ್ಧ ದುಡ್ಡು ನಮ್ಮದು. ಕಾರಿಗೆ ಹತ್ತು ವರ್ಷ ದಾಟಿದರೆ ಕಬ್ಬಿಣದ ಭಾಗಗಳಿಗೂ ಅರ್ಧ. ಗಾಜಿಗೆ ಮಾತ್ರ ಏನೂ ಕಡಿತ ಇಲ್ಲ, ಅದಕ್ಕೆ ಮುಪ್ಪೇ ಬರುವುದಿಲ್ಲ. ಈ ಪಟ್ಟಿ ಓದಿದ ರಾತ್ರಿ ನಾನು ನನ್ನನ್ನೇ ಲೆಕ್ಕ ಹಾಕಿಕೊಂಡೆ. ಹಲ್ಲಿನ ಸೆಟ್ಟು ಪ್ಲಾಸ್ಟಿಕ್, ಅರ್ಧ ಹೋಯಿತು. ಮಂಡಿಯೊಳಗೆ ಕೂರಿಸಿದ್ದು ಲೋಹ, ನನಗೂ ಹತ್ತು ದಾಟಿ ಬಹಳ ಕಾಲವಾಯಿತು, ಅದೂ ಅರ್ಧ. ಬ್ಯಾಟರಿ ಅಂದರೆ ಹೃದಯ ಅಂದುಕೊಳ್ಳಿ. ಪೂರ್ತಿ ಬೆಲೆ ಉಳಿದದ್ದು ಕನ್ನಡಕಕ್ಕೆ ಒಂದೇ. 'ಅದನ್ನೂ ಮೊನ್ನೆ ಕೂತು ಮುರಿದಿರಿ' ಅಂತ ಹೆಂಡತಿ ನೆನಪಿಸಿದಳು.

ಹೋಗಲಿ, ನನ್ನ ಬೆಲೆ ಕಮ್ಮಿಯೇನಲ್ಲ. ಮಾಲೀಕನೇ ಓಡಿಸುವಾಗ ಸತ್ತರೆ ಮನೆಯವರಿಗೆ 15 ಲಕ್ಷ ಬರುವ ಆಕ್ಸಿಡೆಂಟ್ ಕವರ್ ಕಡ್ಡಾಯ. ಕಾರಿಗಿಂತ ಹತ್ತು ಪಟ್ಟು ಜಾಸ್ತಿ! ಆದರೆ ಸಾಯುವಾಗ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. 55 ದಾಟಿದವರಿಗೆ ಅದು ಐದೈದು ವರ್ಷಕ್ಕೆ ಮುಗಿಯುತ್ತದೆ. ಪ್ರತಿ ಸಲ ಡಾಕ್ಟರ ಸರ್ಟಿಫಿಕೇಟ್ ಬೇಕು. ಕಳೆದ ಸಲ ನಾನು ಹೋದ ಕಡೆ ಡಾಕ್ಟರು ತಲೆಯೆತ್ತದೆ ಸಹಿ ಹಾಕಿದರು. ನನ್ನ ಕಣ್ಣು ಸರಿಯಿದೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ.

ನನಗೆ ಬೇಜಾರು ಇದ್ಯಾವುದೂ ಅಲ್ಲ. ನೋ ಕ್ಲೇಮ್ ಬೋನಸ್ಸು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಶೇ 50 ರಿಯಾಯಿತಿ, ಅದೂ ನಮ್ಮ ಗಾಡಿಯ ಡ್ಯಾಮೇಜಿಗೆ ಕಟ್ಟುವ ಭಾಗದಲ್ಲಿ ಮಾತ್ರ. ಥರ್ಡ್ ಪಾರ್ಟಿಗೆ ಇಲ್ಲ. ಐದು ವರ್ಷ ಆದರೂ 50, ಮೂವತ್ತು ವರ್ಷ ಆದರೂ 50. ಒಂದೇ ಒಂದು ಸಲ ಕ್ಲೇಮ್ ಮಾಡಿದಿರೋ, ಮತ್ತೆ ಸೊನ್ನೆಯಿಂದ ಶುರು. ಹೋದ ತಿಂಗಳು ದೇವಸ್ಥಾನದ ಮುಂದೆ ನಿಲ್ಲಿಸಿದ್ದ ಕಾರಿಗೆ ಯಾರೋ ಸ್ಕೂಟರಿನವನು ಗುದ್ದಿ ಹೋದ. ನಾನು ಒಳಗೆ ಮಂಗಳಾರತಿ ತಗೊಳ್ಳುತ್ತಿದ್ದೆ. ಗ್ಯಾರೇಜಿನವನು ಬೆರಳು ಮಡಿಚಿ ಲೆಕ್ಕ ಹಾಕಿದ: ಬಂಪರಿನ ಅರ್ಧ ನಿಮ್ಮದು, ಬಣ್ಣದ ದುಡ್ಡಲ್ಲೂ ಕಡಿತ, ಮೇಲೆ ಸಾವಿರ ರೂಪಾಯಿ ಕಡ್ಡಾಯ ಕಡಿತ, ಬೋನಸ್ಸೂ ಹೋಯ್ತು. 'ಕ್ಲೇಮ್ ಮಾಡ್ಬೇಡಿ ಸಾರ್, ಲಾಸು' ಅಂದ. ಅಲ್ಲ ಸ್ವಾಮಿ, ಕೇಳಿದರೆ ಲಾಸು ಅಂತಾದರೆ ನಾನು ಇಷ್ಟು ವರ್ಷ ಕಟ್ಟಿದ್ದು ಯಾತಕ್ಕೆ? ಪೆನ್ಷನ್ ದುಡ್ಡು ಅದು. ತಪ್ಪಿಲ್ಲದೆ ಹೊಡೆಸಿಕೊಂಡವನು ಬಾಯಿ ಮುಚ್ಚಿಕೊಂಡಿದ್ದರೆ ಬಹುಮಾನ, ಬಾಯಿ ಬಿಟ್ಟರೆ ದಂಡ. ಇದಕ್ಕೆ ಬೋನಸ್ ಅಂತ ಹೆಸರು ಬೇರೆ.

ಕಟ್ಟಿದೆ, ಬಿಡಿ. ಕಟ್ಟದೆ ರಸ್ತೆಗಿಳಿಯುವ ಹಾಗಿಲ್ಲ. ಬಂಪರಿಗೆ ಸದ್ಯಕ್ಕೆ ಅಗಲದ ಟೇಪು ಸುತ್ತಿದ್ದೇನೆ. ಅಂಗಡಿಯವನು 60 ರೂಪಾಯಿ ತಗೊಂಡ, ಜಿಎಸ್‌ಟಿ ಸೇರಿಸಿ.