ಸದ್ದಿಲ್ಲದ ಕೋಣೆ ಬೇಕಾಗಿದೆ

ಮನೆಯಲ್ಲೇ ರೆಕಾರ್ಡಿಂಗ್ ಮಾಡಬೇಕು, ಏನೇನು ಬೇಕು ಅಂತ ಯಾರನ್ನೇ ಕೇಳಿ, ಯಾವ ವಿಡಿಯೋನೇ ನೋಡಿ, ಶುರುವಾಗುವುದು ಒಂದೇ ಮಾತಿನಿಂದ: 'ಮೊದಲು ಸದ್ದಿಲ್ಲದ ಒಂದು ಕೋಣೆ ನೋಡಿಕೊಳ್ಳಿ.' ಸರಿ, ನೋಡಿಕೊಳ್ಳೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮೇಲೆ ಮಳೆ. ಅದು ಬಿಟ್ಟಿತು ಅನ್ನುವಾಗ ಜೀರುಂಡೆ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಕಣದಲ್ಲಿ ಕಾಫಿ ಎಳೆಯುವ ಪರಪರ. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್, ಅದಕ್ಕೆ ಡೀಸೆಲ್ ಮೋಟರ್. ಮಧ್ಯೆ ಆನೆ ಬಂದರೆ ಪಟಾಕಿ. ಏಪ್ರಿಲ್, ಮೇ ಖಾಲಿ ಅಲ್ವಾ ಅಂತೀರಾ? ಮಕ್ಕಳಿಗೆ ರಜೆ. ಕೊಡಗಿನಲ್ಲಿ ಎಷ್ಟು ಶಾಂತಿ ಅಂತ ಹೇಳುವವರು ಹೋಂಸ್ಟೇಗೆ ಬಂದು ಎರಡು ದಿನ ಮಲಗಿ ಎದ್ದು ಹೋಗುವವರು ಮಾತ್ರ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಪಕ್ಕದ ತೋಟದ ಅಜ್ಜ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಾರಿಸಿಕೊಂಡು ಹಾಡುತ್ತಾರೆ. ಹುತ್ತರಿಗೆ, ಮದುವೆಗೆ ಹಾಡುವ ದುಡಿಕೊಟ್ಟ್ ಪಾಟ್. ಅದನ್ನು ನೆಟ್ಟಗೆ ಒಮ್ಮೆ ರೆಕಾರ್ಡ್ ಮಾಡಿ ಇಡಬೇಕು ಅಂತ ಆಸೆ. ಫೋನಿನಲ್ಲಿ ಮಾಡಿದರೆ ಆಗುವುದಿಲ್ಲ. ದುಡಿಯ ಪೆಟ್ಟು ಬಿದ್ದಾಗಲೆಲ್ಲ ಫೋನು ಹೆದರಿ ತಾನೇ ವಾಲ್ಯೂಮ್ ಇಳಿಸುತ್ತದೆ, ಪೆಟ್ಟಿನ ಹಿಂದೆ ಹಾಡೂ ಮುಳುಗುತ್ತದೆ. ಹಾಗಾಗಿ ಆಡಿಯೋ ಇಂಟರ್ಫೇಸ್. ಮೈಕಿನಿಂದ ಬರುವ ಸಣ್ಣ ಸಿಗ್ನಲ್ಲನ್ನು ಏರಿಸಿ, ಅಂಕಿ ಮಾಡಿ, ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕೊಡುವ ಡಬ್ಬ. ಇಷ್ಟೇ ಕೆಲಸ. ಆದರೆ ಅಂಥ ಡಬ್ಬಗಳು ಎಷ್ಟಿವೆ ಅಂದರೆ, ಹೆಣ್ಣು ನೋಡುವುದನ್ನಾದರೂ ಬೇಗ ಮುಗಿಸಬಹುದು.

ಬೆಂಗಳೂರಿನಲ್ಲಿರುವ ನನ್ನ ತಮ್ಮನನ್ನು ಕೇಳಿದೆ. 'ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ಸಾಕು' ಅಂದ. ಸೋಲೋದಲ್ಲಿ ಮೈಕಿಗೆ ಇರುವುದು ಒಂದೇ ಜಾಗ. ಹಾಡಿಗೊಂದು, ದುಡಿಗೊಂದು ಮೈಕ್ ಬೇಕಲ್ಲ ಮಾರಾಯ ಅಂದೆ. 'ಹಾಗಾದ್ರೆ ಎರಡು ಮೈಕಿನ ಟೂ ಐ ಟೂ ತಗೋ.' ಮೈಕ್ ಯಾವುದು? 'ಕಂಡೆನ್ಸರ್. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು, ಇಂಟರ್ಫೇಸೇ ಕೊಡುತ್ತೆ.' ಇದು ಅಮ್ಮನ ಕಿವಿಗೆ ಬಿತ್ತು. 'ಮಳೆಗಾಲದಲ್ಲಿ ಇಡೀ ಮನೆಗೆ ಬರೋದೇ ಅಷ್ಟು, ಅದನ್ನೂ ಮೈಕಿಗೆ ಕೊಟ್ಟರೆ ಫ್ರಿಜ್ಜಿಗೆ ಏನು ಕೊಡ್ತೀಯ?'

ಕಂಡೆನ್ಸರ್ ಬೇಡವೆಂದದ್ದು ಅಮ್ಮನಿಗೆ ಹೆದರಿ ಅಲ್ಲ. ಅದರ ಕಿವಿ ಬಹಳ ಚುರುಕು. ಮಾಡಿನ ಮೇಲೆ ಇಲಿ ಓಡಿದರೂ ಬರೆದುಕೊಳ್ಳುತ್ತದೆ. ಜೊತೆಗೆ ಅದಕ್ಕೆ ತೇವ ಆಗಿಬರುವುದಿಲ್ಲ. ಆಟಿ ತಿಂಗಳಲ್ಲಿ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುವ ಊರಿನಲ್ಲಿ ಅದನ್ನೆಲ್ಲಿ ಸಾಕುವುದು! ಶೂರ್ ಎಸ್‌ಎಂ58 ಅಂತ ಒಂದಿದೆ, 1966ರಿಂದ ಬರುತ್ತಿದೆ. ಡೈನಾಮಿಕ್ ಮೈಕ್. ಫ್ಯಾಂಟಮ್ ಬೇಡ, ಎದುರಿಗೆ ಇದ್ದವರ ಮಾತು ಬಿಟ್ಟು ಉಳಿದದ್ದಕ್ಕೆ ಅಷ್ಟಾಗಿ ತಲೆ ಹಾಕುವುದಿಲ್ಲ. ಇಂಥ ಗುಣ ನೆಂಟರಲ್ಲೂ ಇದ್ದಿದ್ದರೆ! ಟೂ ಐ ಟೂ ಜೊತೆ ಅದನ್ನೇ ತರಿಸಿದೆ.

ಪಾರ್ಸೆಲ್ ಬಿಚ್ಚಿದರೆ ಮೈಕ್ ಇದೆ, ಕೇಬಲ್ ಇಲ್ಲ. ಅದಕ್ಕೆ ಎಕ್ಸ್‌ಎಲ್‌ಆರ್ ಕೇಬಲ್ ಬೇರೆ ತರಿಸಬೇಕಂತೆ. ತರಿಸಿದೆ. ಸ್ಟ್ಯಾಂಡ್ ಬೇರೆ. ಹೆಡ್‌ಫೋನ್ ಬೇರೆ, ಅದೂ ಕಿವಿ ಪೂರ್ತಿ ಮುಚ್ಚುವಂಥದ್ದೇ ಆಗಬೇಕು, ಇಲ್ಲದಿದ್ದರೆ ಅದರ ಸದ್ದು ಮತ್ತೆ ಮೈಕಿಗೆ ಹೋಗುತ್ತದೆ. ಒಂದೊಂದು ಸಾಮಾನಿಗೂ ಡೆಲಿವರಿ ಹುಡುಗನ ಫೋನು: 'ಸಾರ್, ನಿಮ್ಮ ಮನೆ ಮ್ಯಾಪಲ್ಲಿ ತೋರಿಸ್ತಿಲ್ಲ, ನಾಪೋಕ್ಲಲ್ಲಿ ಬೇಕರಿ ಹತ್ರ ಕೊಟ್ಟು ಹೋಗ್ತೇನೆ.' ಬೇಕರಿಯವರು ಈಗ ನನ್ನನ್ನು ಕಂಡರೆ ಬನ್ನಿಗೆ ಮೊದಲು ಪಾರ್ಸೆಲ್ ಕೊಡುತ್ತಾರೆ.

ಕೋಣೆ ಮಾತ್ರ ಸಿಕ್ಕಿತು. ನಮ್ಮ ಕಾಫಿ ಗೋದಾಮು. ಮೂರು ಗೋಡೆಗೆ ಒತ್ತಿ ಮಾಡಿನವರೆಗೆ ಮೂಟೆ ಪೇರಿಸಿತ್ತು. ಅದರೊಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸಾಯುತ್ತಿತ್ತು. ಇದಕ್ಕೇ ಜನ ಫೋಮ್ ತರಿಸಿ ಗೋಡೆಗೆ ಅಂಟಿಸುತ್ತಾರೆ, ನಮ್ಮಲ್ಲಿ ಬೆಳೆದೇ ಇದೆ ಅಂತ ಹೆಮ್ಮೆಪಟ್ಟೆ. ಅಜ್ಜ ಬರುವ ದಿನ ಗೊತ್ತು ಮಾಡಿದೆ. ಅಷ್ಟರಲ್ಲಿ ರೇಟು ಏರಿತು. ಅಪ್ಪ ಲಾರಿ ಕರೆಸಿ ನನ್ನ ಸೌಂಡ್‌ಪ್ರೂಫಿಂಗನ್ನು ತೂಕಕ್ಕೆ ಹಾಕಿ ಮಾರಿಬಿಟ್ಟರು. ಉಳಿದ ಖಾಲಿ ಗೋದಾಮಿನಲ್ಲಿ ಕೆಮ್ಮಿದರೆ ಎರಡು ಸಲ ಕೇಳುತ್ತಿತ್ತು. ಮನೆಯ ಕಂಬಳಿ, ಹಾಸಿಗೆಯೆಲ್ಲ ಅಲ್ಲಿಗೆ ಹೊತ್ತೆ. ಕರೆಂಟ್ ಹೋಗಿದ್ದದ್ದು ಒಳ್ಳೆಯದೇ ಆಯಿತು. ಪಂಪಿಲ್ಲ, ಫ್ರಿಜ್ಜಿಲ್ಲ, ಚಾರ್ಜರ್ ಹಾಕಿದಾಗ ಬರುತ್ತಿದ್ದ 'ಗುಂಯ್' ಕೂಡ ಇಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಇಂಟರ್ಫೇಸೂ ನಡೆಯುತ್ತದೆ.

ಅಜ್ಜ ಬಂದರು. ಇನ್ನು ಗೇನ್, ಅಂದರೆ ಮೈಕಿನ ಸಿಗ್ನಲ್ಲನ್ನು ಎಷ್ಟು ಏರಿಸಬೇಕು ಅನ್ನುವ ವಿಚಾರ ಹೇಳಬೇಕು. ಇಂಟರ್ಫೇಸ್ ಡಬ್ಬದ ಗೇನ್ ತಿರುಗಣೆಯ ಸುತ್ತ ಬೆಳಕಿನ ಬಳೆಯೊಂದಿದೆ. ಧ್ವನಿ ಹದವಾಗಿ ಬಂದರೆ ಹಸಿರು, ಮಿತಿ ಮೀರಿದರೆ ಕೆಂಪು. ಕೆಂಪು ಅಂದರೆ ಧ್ವನಿಯ ಅಲೆಯ ತಲೆ ಕತ್ತರಿಸಿತು ಅಂತ ಲೆಕ್ಕ, ಆಮೇಲೆ ಬರುವುದು ಬರೀ ಬಿರುಕು ಸದ್ದು. 24 ಬಿಟ್‌ನಲ್ಲಿ, ಅಂದರೆ ಬಹಳ ಸೂಕ್ಷ್ಮ ಅಳತೆಯಲ್ಲಿ, ರೆಕಾರ್ಡ್ ಮಾಡುವಾಗ ಸ್ವಲ್ಪ ಮೆಲ್ಲಗಿದ್ದರೂ ಚಿಂತೆಯಿಲ್ಲ, ಆಮೇಲೆ ಏರಿಸಿಕೊಳ್ಳಬಹುದು. ಕೆಂಪು ಮಾತ್ರ ಹತ್ತಬಾರದು. ಇಷ್ಟನ್ನೂ ಅಜ್ಜನಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, 'ಹಸಿರಿರುವಾಗ ಯಾರಾದರೂ ಕುಯ್ಯುತ್ತಾರಾ? ಹಣ್ಣಾಗಲಿ' ಅಂದರು.

ಹಾಡು ಶುರುವಾಯಿತು. ಅಜ್ಜನ ಕಣ್ಣು ಬಳೆಯ ಮೇಲೇ. ಹಸಿರು ಕಂಡರೆ ಮುಖ ಸಣ್ಣದಾಗುತ್ತದೆ. ಸ್ವಲ್ಪ ಮುಂದೆ ಬಾಗುತ್ತಾರೆ, ಹೊಟ್ಟೆಯಿಂದ ಎತ್ತುತ್ತಾರೆ, ಕೆಂಪು ಹತ್ತುತ್ತದೆ. ಹಾಡು ನಿಲ್ಲಿಸದೆ ನನ್ನ ಕಡೆ ಹುಬ್ಬು ಹಾರಿಸುತ್ತಾರೆ. ನಾನು ಗೇನ್ ಇಳಿಸುತ್ತೇನೆ. ಬಳೆ ಹಸಿರಾಗುತ್ತದೆ. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾರೆ. ನಾನು ಇನ್ನೂ ಇಳಿಸುತ್ತೇನೆ. ಕೊನೆಗೆ ತಿರುಗಣೆ ಇನ್ನೇನು ಸೊನ್ನೆಗೆ ಬಂತು, ಅಜ್ಜನ ಮೀಸೆ ಮೈಕಿನ ಜಾಲರಿಗೆ ತಾಗಿತು. ಮೈಕನ್ನೇ ಹಿಂದೆ ಸರಿಸಿದೆ. ಕುರ್ಚಿಯೂ ಬಂತು. ತಡೆಯಲಾರದೆ ಬಳೆಯ ಮೇಲೆ ಕರಿ ಟೇಪು ಅಂಟಿಸಿದೆ. ಅರ್ಧ ಸಾಲಿನಲ್ಲಿ ದುಡಿ ನಿಂತಿತು. 'ಏನು, ಇದಕ್ಕೂ ಕರೆಂಟ್ ಹೋಯ್ತಾ?'

ಟೇಪು ಕೀಳಬೇಕಾಯಿತು.

ರಾತ್ರಿ ಕೂತು ಕೇಳಿದೆ. ಈ ಹಾಡಿಗೆ ನಾಲ್ವರು ಬೇಕು. ಇಬ್ಬರು ಸಾಲು ಹೇಳಿದರೆ ಇನ್ನಿಬ್ಬರು ಎತ್ತಿಕೊಳ್ಳಬೇಕು. ಅಜ್ಜನ ಜೊತೆಯವರಲ್ಲಿ ಒಬ್ಬರು ಈಗ ಇಲ್ಲ. ಒಬ್ಬರೇ ಹಾಡುವಾಗಲೂ ಸಾಲು ಮುಗಿದ ಕಡೆ ಅಜ್ಜ ದುಡಿ ಬಾರಿಸುತ್ತಾ ಸ್ವಲ್ಪ ತಡೆಯುತ್ತಾರೆ, ಯಾರೋ ಎತ್ತಿಕೊಳ್ಳಲಿ ಅನ್ನುವಂತೆ. ಎಡಿಟ್ ಮಾಡುವಾಗ ಆ ಜಾಗಗಳನ್ನು ಕತ್ತರಿಸಲು ಕೈ ಬರಲಿಲ್ಲ.

ಕೆಂಪು ಕಡಿಮೆಯಿದ್ದ ಹಾಡುಗಳನ್ನು ಆರಿಸಿ, ತೊಳೆದು, ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಅಜ್ಜ ಜೀಪಿನಲ್ಲಿ ಹಾಕಿ ಕೇಳಿದರು. 'ಯಾರೋ ಜ್ವರ ಬಂದವನು ಹಾಡಿದ ಹಾಗಿದೆ' ಅಂದರು. ಬಿರುಕು ಬಿಟ್ಟಿದ್ದನ್ನು ಕೊಟ್ಟೆ. ಅದು ಈಗ ದಿನಾ ಬೆಳಿಗ್ಗೆ ಜೀಪಿನ ಜೊತೆ ನಮ್ಮ ಗೇಟಿನ ಮುಂದೆ ಹೋಗುತ್ತದೆ. ಜೀಪಿನ ಸ್ಪೀಕರೂ ಬಿರುಕು ಬಿಟ್ಟದ್ದೇ, ಹಾಗಾಗಿ ಜೋಡಿ ಚೆನ್ನಾಗಿದೆ.

ಅದನ್ನು ಕೇಳಿದ ಉಳಿದಿಬ್ಬರೂ ಈಗ ಹಾಡಲು ತಯಾರಾಗಿದ್ದಾರೆ. ಒಂದೇ ಷರತ್ತು, ಪ್ರತಿಯೊಬ್ಬರಿಗೂ ಬೇರೆ ಮೈಕ್, ಬೇರೆ ದೀಪ. ನನ್ನ ಡಬ್ಬದಲ್ಲಿ ಎರಡೇ ಜಾಗ ಇರುವುದು ಅಂದೆ. 'ನಾಲ್ಕಿನದ್ದು ತಗೋ' ಅಂದರು ಅಜ್ಜ. ನೀವು ಮೂರೇ ಜನ ಅಲ್ವಾ ಅಂದೆ. 'ನಾಲ್ಕನೆಯದಕ್ಕೆ ನೀನು ನಿಲ್ಲು.'

ಬೆಲೆ ನೋಡುತ್ತಿದ್ದೇನೆ. ಕೇಬಲ್ ಅದಕ್ಕೂ ಬೇರೆಯೇ ಅಂತೆ.