ಡಿಕ್ಕಿ ತಪ್ಪಿದರೂ ವರದಿ ತಪ್ಪಬಾರದು

2022ರ ಜನವರಿ 7ರ ಬೆಳಿಗ್ಗೆ ನಮ್ಮ ದೇವನಹಳ್ಳಿ ಏರ್‌ಪೋರ್ಟಿನ ಅಕ್ಕಪಕ್ಕದ ರನ್‌ವೇಗಳಿಂದ ಕೋಲ್ಕತ್ತಕ್ಕೊಂದು, ಭುವನೇಶ್ವರಕ್ಕೊಂದು ವಿಮಾನ ಹೆಚ್ಚುಕಮ್ಮಿ ಒಟ್ಟಿಗೇ ಮೇಲೆದ್ದವು. ದಕ್ಷಿಣದ ರನ್‌ವೇ ನಿಲ್ಲಿಸಿ ಎಲ್ಲವನ್ನೂ ಉತ್ತರದ್ದರಲ್ಲೇ ನಡೆಸುವುದೆಂದು ವಿಮಾನ ಸಂಚಾರ ನಿಯಂತ್ರಣದ ಶಿಫ್ಟ್ ಇನ್‌ಚಾರ್ಜ್ ತೀರ್ಮಾನಿಸಿದ್ದರು. ದಕ್ಷಿಣ ಟವರಿನ ಕಂಟ್ರೋಲರ್‌ಗೆ ಆ ಮಾತು ಮುಟ್ಟಿರಲಿಲ್ಲ. ಎರಡೂ ಟವರಿನವರು ಪರಸ್ಪರ ಕೇಳಿಕೊಳ್ಳದೆ ಟೇಕಾಫ್‌ಗೆ ಬಿಟ್ಟರು. ರಾಡಾರ್ ಕಂಟ್ರೋಲರ್ ಗಮನಿಸಿ ಎರಡನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಅನಾಹುತ ತಪ್ಪಿತು.

ಅದಕ್ಕಿಂತ ಕಳವಳದ ಸಂಗತಿ ಆಮೇಲಿನದು. ಯಾವ ಲಾಗ್‌ಬುಕ್ಕಿನಲ್ಲೂ ಇದು ದಾಖಲಾಗಿರಲಿಲ್ಲ ಎಂದು ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಅಧಿಕಾರಿಗಳೇ ಹೇಳಿದರು. ಜನರಿಗೆ ಗೊತ್ತಾದದ್ದು ಹತ್ತು ದಿನ ಕಳೆದ ಮೇಲೆ.

ತಡವಾದರೆ ಏನು ಕಳೆದುಹೋಗುತ್ತದೆ ನೋಡಿ. ಈಗ ಹಾರುತ್ತಿರುವ ಬಹಳಷ್ಟು ವಿಮಾನಗಳ ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್ ಕೊನೆಯ 2 ಗಂಟೆಯ ಮಾತನ್ನಷ್ಟೇ ಇಟ್ಟುಕೊಳ್ಳುತ್ತದೆ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ಕೋಲ್ಕತ್ತದ ಹಾರಾಟವೇ 2 ಗಂಟೆ ಮೀರುತ್ತದೆ. ಅಲ್ಲಿ ಇಳಿಯುವಷ್ಟರಲ್ಲಿ ಬೆಂಗಳೂರಿನ ಟೇಕಾಫ್ ಹೊತ್ತಿನ ಮಾತು ಅಳಿಸಿಹೋಗಿರುತ್ತದೆ! ಹಾರಾಟ ಚಿಕ್ಕದಾಗಿದ್ದರೆ ಇಳಿದ ತಕ್ಷಣ ರೆಕಾರ್ಡರಿನ ಸರ್ಕ್ಯೂಟ್ ಬ್ರೇಕರ್ ಎಳೆದು ಅದನ್ನು ನಿಲ್ಲಿಸಿ, ವಿಮಾನದ ದಾಖಲೆ ಪುಸ್ತಕವಾದ ಟೆಕ್ನಿಕಲ್ ಲಾಗ್‌ನಲ್ಲಿ ಬರೆದು, ಮುಂದಿನ ಹಾರಾಟಕ್ಕೆ ಮೊದಲೇ ಡೇಟಾ ತೆಗೆಸಬೇಕು. ಹೊಸದಾಗಿ ತಯಾರಾಗುವ ದೊಡ್ಡ ವಿಮಾನಗಳಿಗೆ 25 ಗಂಟೆಯ ಮಾತು ಉಳಿಸಬೇಕೆಂಬ ನಿಯಮ ಬಂದಿರುವುದು ಸಮಾಧಾನ. ಕಂಟ್ರೋಲ್ ಕಡೆಯ ಧ್ವನಿಮುದ್ರಣ, ರಾಡಾರ್ ದಾಖಲೆ ಕನಿಷ್ಠ 30 ದಿನ ಇರುತ್ತವೆ, ಆದರೂ ದೂರು ಬಂದ ಕ್ಷಣವೇ ಅವನ್ನು ಎತ್ತಿಟ್ಟು ಸೀಲ್ ಮಾಡುವುದೇ ಸರಿ.

ಇಂಥದ್ದು ನಡೆದಾಗ ಪೈಲಟ್ ಮೊದಲು ಕಂಟ್ರೋಲರ್ ಜೊತೆ ಆಗ ಮಾತಾಡುತ್ತಿದ್ದ ರೇಡಿಯೊ ಫ್ರೀಕ್ವೆನ್ಸಿಯಲ್ಲೇ ಹೇಳಬೇಕು, ಇಳಿದ ಮೇಲೆ ಬರೆದುಕೊಡಬೇಕು: ಯುಟಿಸಿ (ಜಾಗತಿಕ ಪ್ರಮಾಣ) ಸಮಯ, ಜಾಗ, ಎತ್ತರ, ಹೆಡಿಂಗ್ (ಮೂತಿ ಯಾವ ದಿಕ್ಕಿಗಿತ್ತು), ಮೋಡದೊಳಗಿದ್ದರೋ ಹೊರಗೋ, ಇನ್ನೊಂದು ವಿಮಾನ ಕಣ್ಣಿಗೆ ಬಿತ್ತೋ ಇಲ್ಲವೋ, ಟಿಕಾಸ್ (ಡಿಕ್ಕಿ ತಪ್ಪಿಸಲು ಪೈಲಟ್‌ಗೆ ಎಚ್ಚರಿಕೆ ಕೊಡುವ ವಿಮಾನದೊಳಗಿನ ಸಾಧನ) ಏನು ಹೇಳಿತು. 'ಹತ್ತಿರ ಬಂತು' ಅಂತ ಬರೆದರೆ ತನಿಖೆಗೆ ಏನೂ ಸಿಗುವುದಿಲ್ಲ.

'ಟಿಕಾಸ್ ಇದೆಯಲ್ಲ, ಬಿಡಿ' ಅನ್ನುವವರಿಗೆ ಒಂದು ಮಾತು. ನೆಲದಿಂದ ಸುಮಾರು 1000 ಅಡಿಯೊಳಗೆ ಅದು 'ಮೇಲಕ್ಕೇರು', 'ಕೆಳಗಿಳಿ' ಅನ್ನುವ ಆದೇಶ ಕೊಡುವುದೇ ಇಲ್ಲ. ಟೇಕಾಫ್ ಆದ ಮೊದಲ ಕ್ಷಣಗಳಲ್ಲಿ ಕಂಟ್ರೋಲರಿನ ಕಣ್ಣೇ ದಿಕ್ಕು.

ತಪ್ಪಿಗೂ ಬೇಕೆಂದೇ ನಿಯಮ ಮುರಿಯುವುದಕ್ಕೂ ವ್ಯತ್ಯಾಸ ಮಾಡದೆ ಶಿಕ್ಷೆ ಕೊಟ್ಟರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ತನಿಖೆಯ ಉದ್ದೇಶ ಅಪಘಾತ ತಡೆಯುವುದೇ ಹೊರತು ದೂಷಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೊದ 13ನೇ ಅನುಬಂಧ ಸ್ಪಷ್ಟವಾಗಿ ಹೇಳುತ್ತದೆ. ದೇವನಹಳ್ಳಿಯ ಪ್ರಕರಣದಲ್ಲಿ ಕೇಳಬೇಕಾದ್ದು ಇಷ್ಟು: ರನ್‌ವೇ ಬದಲಾದಾಗ ಎರಡೂ ಟವರಿಗೆ ಯಾರು ತಿಳಿಸುತ್ತಾರೆ, ಕೇಳಿಸಿಕೊಂಡವರು ಮರಳಿ ಹೇಳಿದರೋ, ಅದಾಗುವವರೆಗೆ ಟೇಕಾಫ್ ತಡೆಯಲು ಯಾರಿಗೆ ಅಧಿಕಾರ?